ಚಿನ್ನಸ್ವಾಮಿ ಸ್ಟೇಡಿಯಂ: ಮಳೆ ನೀರಿಗೆ ದಾರಿ ಇದೆ, ಜನರಿಗೆ?



2024ರ ಮೇ 18 ನೆನಪಿದೆಯಾ? ಆರ್‌ಸಿಬಿ ಮತ್ತು ಚೆನ್ನೈ ಸೂಪರ್ ಕಿಂಗ್ಸ್ ಪಂದ್ಯ. ಪ್ಲೇಆಫ್‌ಗೆ ಹೋಗಬೇಕಾದ್ರೆ ಆರ್‌ಸಿಬಿ ಬರೀ ಗೆದ್ರೆ ಸಾಲದು, ಒಳ್ಳೆ ಅಂತರದಿಂದ ಗೆಲ್ಲಬೇಕಿತ್ತು. ಮಳೆ ಬಂದು ಪಂದ್ಯ ರದ್ದಾದ್ರೆ ಕತೆ ಮುಗೀತು. ಮೂರು ಓವರ್ ಆಗೋ ಹೊತ್ತಿಗೆ ಮಳೆ ಬಂದೇಬಿಡ್ತು. ಆದರೆ ಮಳೆ ನಿಂತ ಸ್ವಲ್ಪ ಹೊತ್ತಿಗೆಲ್ಲ ಆಟ ಮತ್ತೆ ಶುರು. ಒಂದೇ ಒಂದು ಓವರ್ ಕೂಡ ಕಡಿತ ಆಗಲಿಲ್ಲ. ಆರ್‌ಸಿಬಿ 27 ರನ್‌ಗಳಿಂದ ಗೆದ್ದು ಪ್ಲೇಆಫ್‌ಗೆ ಹೋಯ್ತು. ಆ ರಾತ್ರಿ ಎಲ್ಲರೂ ಆಟಗಾರರ ಜೊತೆ ಇನ್ನೊಂದು ಹೆಸರನ್ನೂ ಹೊಗಳಿದ್ರು, ಅದು ಚಿನ್ನಸ್ವಾಮಿ ಮೈದಾನದ ಕೆಳಗಿರೋ ಸಬ್‌ಏರ್ ವ್ಯವಸ್ಥೆ.

ಈಗ ಇನ್ನೊಂದು ದಿನ. 2025ರ ಜೂನ್ 4. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತ್ತು. ಅದೇ ಚಿನ್ನಸ್ವಾಮಿಯ ಗೇಟುಗಳ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳ್ಕೊಂಡ್ರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡ್ರು.

ಎರಡೂ ಒಂದೇ ಜಾಗ. ಅದಕ್ಕೇ ಇವತ್ತಿನ ಸಂಚಿಕೆಯಲ್ಲಿ ಈ ಸ್ಟೇಡಿಯಂನ ಒಳಗೆ ಏನೇನಿದೆ, ಅದು ಹೇಗೆ ಬಂತು ಅಂತ ನೋಡೋಣ. ಆಮೇಲೆ ಗೇಟಿನ ಹೊರಗೂ ಹೋಗೋಣ.

ಹೆಸರು ಯಾರದ್ದು?

ಮಂಗಳಂ ಚಿನ್ನಸ್ವಾಮಿ. ಮಂಡ್ಯದಲ್ಲಿ 1900ರಲ್ಲಿ ಹುಟ್ಟಿದವರು, ವೃತ್ತಿಯಲ್ಲಿ ವಕೀಲರು. ದೊಡ್ಡ ಆಟಗಾರರಲ್ಲ, ಆಡಳಿತಗಾರರು. ಸುಮಾರು ನಾಲ್ಕು ದಶಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ದುಡಿದರು. 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರೂ ಆಗಿದ್ದರು.

ಅದಕ್ಕೂ ಮುಂಚೆ ಬೆಂಗಳೂರಲ್ಲಿ ದೊಡ್ಡ ಪಂದ್ಯ ಅಂದ್ರೆ ಸೆಂಟ್ರಲ್ ಕಾಲೇಜು ಮೈದಾನ. ರಾಜ್ಯ ಸಂಸ್ಥೆಗೆ ತನ್ನದೇ ಒಂದು ಸ್ಟೇಡಿಯಂ ಬೇಕು ಅನ್ನೋದು ಚಿನ್ನಸ್ವಾಮಿಯವರ ಹಠ. ಕಬ್ಬನ್ ಪಾರ್ಕ್ ಮಗ್ಗುಲಲ್ಲಿ, ಎಂ.ಜಿ. ರಸ್ತೆಗೆ ತಾಗಿದಂತೆ ಸುಮಾರು 17 ಎಕರೆ ಜಾಗ ಸರ್ಕಾರದಿಂದ ಗುತ್ತಿಗೆಗೆ ಸಿಕ್ತು. 1969ರಲ್ಲಿ ಶಂಕುಸ್ಥಾಪನೆ, 1970ರಲ್ಲಿ ಕೆಲಸ ಶುರು. ಮೊದಲು ಇದರ ಹೆಸರು ಕೆಎಸ್‌ಸಿಎ ಸ್ಟೇಡಿಯಂ ಅಂತಿತ್ತು. ಆಮೇಲೆ ಕಟ್ಟಿಸಿದವರ ಹೆಸರು ಬಂತು.

ಇಲ್ಲಿ ಒಂದು ಲೆಕ್ಕ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 1971ರ ಜನಗಣತಿ ಪ್ರಕಾರ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ. 2011ರ ಹೊತ್ತಿಗೆ ಅದು ಸುಮಾರು 85 ಲಕ್ಷ. ಊರು ಐದು ಪಟ್ಟು ಬೆಳೀತು. ಸ್ಟೇಡಿಯಂನ 17 ಎಕರೆ ಮಾತ್ರ 17 ಎಕರೆಯಾಗಿಯೇ ಉಳೀತು.

ಮೊದಲ ದೊಡ್ಡ ದಿನಗಳು

1974ರ ಮಾರ್ಚ್. ರಣಜಿ ಸೆಮಿಫೈನಲ್, ಎದುರಾಳಿ ಬಾಂಬೆ. ಸತತ 15 ವರ್ಷ ರಣಜಿ ಗೆದ್ದಿದ್ದ ತಂಡ ಅದು, ಗವಾಸ್ಕರ್, ವಾಡೇಕರ್ ಎಲ್ಲ ಇದ್ದ ತಂಡ. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನ, ಚಂದ್ರಶೇಖರ್ ಬೌಲಿಂಗ್ ಮುಂದೆ ಬಾಂಬೆ ಮೊದಲ ಇನಿಂಗ್ಸ್‌ನಲ್ಲಿ ಹಿಂದೆ ಬಿತ್ತು. ಕರ್ನಾಟಕ ಫೈನಲ್‌ಗೆ ಹೋಗಿ ಮೊದಲ ಬಾರಿಗೆ ರಣಜಿ ಟ್ರೋಫಿ ತಂತು. ಬಾಂಬೆ ಸರಪಳಿ ತುಂಡಾಗಿದ್ದು ಬೆಂಗಳೂರಲ್ಲಿ.

ಅದೇ ವರ್ಷ ನವೆಂಬರ್‌ನಲ್ಲಿ ಮೊದಲ ಟೆಸ್ಟ್, ವೆಸ್ಟ್ ಇಂಡೀಸ್ ವಿರುದ್ಧ. ಸ್ಟೇಡಿಯಂ ಕಟ್ಟಡ ಆಗಿನ್ನೂ ಪೂರ್ತಿ ಮುಗಿದಿರಲಿಲ್ಲ. ಆ ಪಂದ್ಯದಲ್ಲಿ ಪಾದಾರ್ಪಣೆ ಮಾಡಿದ ಇಬ್ಬರ ಹೆಸರು ಕೇಳಿ: ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್. ಗ್ರೀನಿಜ್ 93 ಮತ್ತು 107 ಹೊಡೆದರು. ರಿಚರ್ಡ್ಸ್‌ಗೆ ಸಿಕ್ಕಿದ್ದು 4 ಮತ್ತು 3. ಎರಡು ಸಲವೂ ಔಟ್ ಮಾಡಿದ್ದು ನಮ್ಮ ಬಿ.ಎಸ್. ಚಂದ್ರಶೇಖರ್. ಪಂದ್ಯ ಮಾತ್ರ ವೆಸ್ಟ್ ಇಂಡೀಸ್ 267 ರನ್‌ಗಳಿಂದ ಗೆದ್ದುಕೊಂಡಿತು.

1987ರಲ್ಲಿ ಪಾಕಿಸ್ತಾನ ಬಂತು. ಚೆಂಡು ಬಿದ್ದಲ್ಲೆಲ್ಲ ತಿರುಗೋ ಪಿಚ್ಚು. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ತೆಗೆದು ಪಾಕಿಸ್ತಾನವನ್ನ 116ಕ್ಕೆ ಉದುರಿಸಿದರು. ಕೊನೆಗೆ ಭಾರತಕ್ಕೆ ಬೇಕಾಗಿದ್ದು 221. ಸುನಿಲ್ ಗವಾಸ್ಕರ್ ಒಬ್ಬರೇ ನಿಂತು 96 ಹೊಡೆದರು. ಭಾರತ 16 ರನ್‌ನಿಂದ ಸೋತಿತು. ಗವಾಸ್ಕರ್ ಟೆಸ್ಟ್ ಬದುಕಿನ ಕೊನೆಯ ಇನಿಂಗ್ಸ್ ಅದು.

ದೀಪ ಹತ್ತಿದ ರಾತ್ರಿ

ಸ್ಟೇಡಿಯಂಗೆ ಫ್ಲಡ್‌ಲೈಟ್ ಬಂದಿದ್ದು 1996ರ ವಿಶ್ವಕಪ್‌ಗಾಗಿ. ಮಾರ್ಚ್ 9, ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಸಿಧು 93. ಕೊನೆಯಲ್ಲಿ ಅಜಯ್ ಜಡೇಜಾ 25 ಚೆಂಡಿಗೆ 45, ಅದೂ ವಖಾರ್ ಯೂನಿಸ್ ಬೌಲಿಂಗ್‌ಗೆ. ಆಮೇಲೆ ಆಮಿರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟ್ ತೋರಿಸಿ, ವೆಂಕಟೇಶ್ ಪ್ರಸಾದ್‌ಗೆ ಏನೋ ಅಂದ್ರು. ಮುಂದಿನ ಚೆಂಡಿಗೇ ಸ್ಟಂಪ್ ಹಾರಿತು. ಈ ಕ್ಲಿಪ್ ನೋಡದೇ ಇರೋರು ಯಾರೂ ಇಲ್ಲ ಅನ್ಕೋತೀನಿ. ನೀವು ಹುಟ್ಟೋ ಮುಂಚೆ ಆಗಿದ್ದು, ಆದ್ರೂ ನಿಮ್ಮ ಫೋನಿಗೆ ಬಂದಿರುತ್ತೆ. ಶ್ರೀನಾಥ್, ಕುಂಬ್ಳೆ, ಪ್ರಸಾದ್, ಮೂವರೂ ಕರ್ನಾಟಕದ ಹುಡುಗರು. ಭಾರತ 39 ರನ್‌ನಿಂದ ಗೆದ್ದಿತು.

ವೆಂಕಟೇಶ್ ಪ್ರಸಾದ್ ಹೆಸರು ಈ ಸಂಚಿಕೆಯ ಕೊನೆಯಲ್ಲಿ ಇನ್ನೊಮ್ಮೆ ಬರುತ್ತೆ.

ಇಲ್ಲಿ ಸಿಕ್ಸರ್ ಯಾಕೆ ಜಾಸ್ತಿ?

2008ರ ಏಪ್ರಿಲ್ 18, ಐಪಿಎಲ್‌ನ ಮೊಟ್ಟಮೊದಲ ಪಂದ್ಯ ಇಲ್ಲೇ. ಮೆಕಲಮ್ 158 ನಾಟೌಟ್. 2011ರ ವಿಶ್ವಕಪ್‌ನಲ್ಲಿ ಭಾರತ–ಇಂಗ್ಲೆಂಡ್ ತಲಾ 338 ಹೊಡೆದು ಟೈ. ಮೂರೇ ದಿನಕ್ಕೆ ಅದೇ ಇಂಗ್ಲೆಂಡನ್ನ ಐರ್ಲೆಂಡ್ ಸೋಲಿಸ್ತು, ಕೆವಿನ್ ಒಬ್ರಯನ್ 63 ಚೆಂಡಿಗೆ 113. 2013ರಲ್ಲಿ ಕ್ರಿಸ್ ಗೇಲ್ 66 ಚೆಂಡಿಗೆ 175, ಅದರಲ್ಲಿ 17 ಸಿಕ್ಸರ್. ಅದೇ ವರ್ಷ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಶರ್ಮಾ 209. 2024ರಲ್ಲಿ ಹೈದರಾಬಾದ್ ತಂಡ 3 ವಿಕೆಟ್‌ಗೆ 287.

ಕಾರಣ ಎರಡು. ಒಂದು, ಬೌಂಡರಿ ಹತ್ತಿರ. ಜಾಗ ಕಡಿಮೆ ಇರೋದರಿಂದ ಹಗ್ಗವನ್ನ ತುಂಬಾ ಹಿಂದಕ್ಕೆ ತಳ್ಳೋಕೆ ಆಗಲ್ಲ. ಎರಡು, ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 8ರಷ್ಟು ಕಡಿಮೆ. ಚೆಂಡಿಗೆ ಗಾಳಿಯ ತಡೆ ಕಡಿಮೆ, ಹಾಗಾಗಿ ಚೆನ್ನೈಯಲ್ಲೋ ಮುಂಬೈಯಲ್ಲೋ ಹಗ್ಗದ ಹತ್ತಿರ ಕ್ಯಾಚ್ ಆಗೋ ಹೊಡೆತ ಇಲ್ಲಿ ಇನ್ನೊಂದೆರಡು ಮೀಟರ್ ಹೋಗಿ ಪ್ರೇಕ್ಷಕರ ಮಧ್ಯೆ ಬೀಳಬಹುದು.

ಹಾಗಂತ ಬ್ಯಾಟರ್‌ಗಳ ಸ್ವರ್ಗ ಅಂತ ಕಣ್ಮುಚ್ಚಿ ಹೇಳೋ ಹಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಎದುರು ಭಾರತ ಇಲ್ಲೇ 46ಕ್ಕೆ ಆಲೌಟ್. ತವರಿನಲ್ಲಿ ಭಾರತದ ಅತಿ ಕಡಿಮೆ ಟೆಸ್ಟ್ ಮೊತ್ತ.

ಹುಲ್ಲಿನ ಕೆಳಗೆ ಏನಿದೆ?

ಈಗ ಸಬ್‌ಏರ್ ವಿಷಯಕ್ಕೆ ಬರೋಣ.

2015ರ ನವೆಂಬರ್. ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್, ಎಬಿ ಡಿವಿಲಿಯರ್ಸ್‌ಗೆ ನೂರನೇ ಟೆಸ್ಟ್. ಬೆಂಗಳೂರು ಅವರನ್ನ ತನ್ನವರೇ ಅಂದ್ಕೊಂಡಿರೋ ಊರು. ಮೊದಲ ದಿನ ಆಟ ನಡೀತು. ಆಮೇಲೆ ಮಳೆ, ಉಳಿದ ನಾಲ್ಕು ದಿನ ಒಂದು ಚೆಂಡೂ ಬೀಳಲಿಲ್ಲ.

ಸಾಮಾನ್ಯ ಮೈದಾನದಲ್ಲಿ ಮಳೆ ನೀರು ಇಂಗೋದು ಗುರುತ್ವಾಕರ್ಷಣೆಯಿಂದ. ಅಂದ್ರೆ ನೀರು ತನ್ನ ಪಾಡಿಗೆ ತಾನು ಕೆಳಗೆ ಇಳಿಯಬೇಕು. ಮಣ್ಣು ಜಿಗುಟಾಗಿದ್ರೆ ಗಂಟೆಗಟ್ಟಲೆ ಬೇಕು. ಅದಕ್ಕೆ ಇಲ್ಲಿ ಹೊರಮೈದಾನವನ್ನೇ ಅಗೆದು ಹೊಸದಾಗಿ ಮಾಡಿದರು. ಮೇಲೆ ಹುಲ್ಲು, ಅದರ ಕೆಳಗೆ ಮರಳು, ಅದರ ಕೆಳಗೆ ಜಲ್ಲಿ, ಜಲ್ಲಿಯೊಳಗೆ ತೂತುಗಳಿರೋ ಕೊಳವೆಗಳ ಜಾಲ. ಈ ಕೊಳವೆಗಳೆಲ್ಲ ಹೋಗಿ ಸೇರೋದು ಒಂದು ದೊಡ್ಡ ಯಂತ್ರಕ್ಕೆ.

ಯಂತ್ರ ಓಡಿದಾಗ ಕೊಳವೆಯೊಳಗಿನ ಗಾಳಿಯನ್ನ ಹೊರಗೆ ಎಳೀತದೆ. ಆಗ ಒಳಗೆ ನಿರ್ವಾತದಂಥ ಸ್ಥಿತಿ. ಎಳನೀರಿಗೆ ಸ್ಟ್ರಾ ಹಾಕಿ ಹೀರ್ತೀವಲ್ಲ, ಅದೇ ತತ್ವ. ಮೇಲಿನ ನೀರು ಮರಳಿನ ಮೂಲಕ ಬೇಗ ಕೆಳಗಿಳಿದು ಕೊಳವೆಗೆ ಬೀಳುತ್ತೆ, ಅಲ್ಲಿಂದ ಚರಂಡಿಗೆ. ನಿಮಿಷಕ್ಕೆ 10 ಸಾವಿರ ಲೀಟರ್ ನೀರು ತೆಗೆಯುವ ಸಾಮರ್ಥ್ಯ ಇದೆ ಅಂತ ಹೇಳಲಾಗುತ್ತೆ. ಒಂದು ಟ್ಯಾಂಕರ್ ನೀರು ನಿಮಿಷದಲ್ಲಿ ಖಾಲಿ ಅಂದ್ಕೊಳ್ಳಿ. ಅದೇ ಯಂತ್ರ ಉಲ್ಟಾ ಓಡಿದ್ರೆ ಬೇರಿಗೆ ಗಾಳಿ ಊದುತ್ತೆ, ಹುಲ್ಲು ಆರೋಗ್ಯವಾಗಿರುತ್ತೆ. ಮೂಲತಃ ಇದು ಅಮೆರಿಕದ ಗಾಲ್ಫ್ ಮೈದಾನಗಳ ತಂತ್ರಜ್ಞಾನ. ಕ್ರಿಕೆಟ್‌ನಲ್ಲಿ ಜಗತ್ತಿಗೇ ಮೊದಲು ಅಳವಡಿಸಿದ್ದು ಚಿನ್ನಸ್ವಾಮಿ, 2017ರಲ್ಲಿ.

ಇದಕ್ಕೂ ಮಿತಿ ಇದೆ. ಪಿಚ್ ಗಟ್ಟಿ ಮಣ್ಣಿನದ್ದು, ಅದನ್ನ ಈಗಲೂ ಹೊದಿಕೆ ಹಾಕಿಯೇ ಕಾಪಾಡಬೇಕು. ಮತ್ತೆ ಬೀಳ್ತಿರೋ ಮಳೆಯನ್ನ ಯಾವ ಯಂತ್ರವೂ ನಿಲ್ಲಿಸಲ್ಲ. 2025ರ ಮೇ 17ರಂದು ಕೋಲ್ಕತ್ತಾ ವಿರುದ್ಧದ ಪಂದ್ಯ ಟಾಸ್ ಕೂಡ ಆಗದೆ ರದ್ದಾಗಿದ್ದು ಅದಕ್ಕೇ.

ಸೂರ್ಯ, ನೀರು, ಅಕಾಡೆಮಿ

ಇನ್ನೂ ಮೂರು ಸಂಗತಿ, ಬೇಗ ಹೇಳ್ತೀನಿ. 2015ರಲ್ಲಿ ಸ್ಟ್ಯಾಂಡ್‌ನ ಚಾವಣಿ ಮೇಲೆ ಸುಮಾರು 400 ಕಿಲೋವ್ಯಾಟ್ ಸಾಮರ್ಥ್ಯದ ಸೌರ ಫಲಕ ಹಾಕಿದರು. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಜನ ಟ್ಯಾಂಕರ್‌ಗೆ ಕಾಯ್ತಿರುವಾಗ ಮೈದಾನಕ್ಕೆ ನೀರು ಹಾಯಿಸೋದಾ ಅನ್ನೋ ಪ್ರಶ್ನೆ ಎದ್ದಿತು. ಆಗ ಐಪಿಎಲ್ ಪಂದ್ಯಗಳಿಗೆ ಜಲಮಂಡಳಿಯ ಸಂಸ್ಕರಿಸಿದ ನೀರನ್ನ ಬಳಸಲಾಯ್ತು. ಮೂರನೆಯದು, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ. 2000ದಲ್ಲಿ ಶುರುವಾದ ಅದು ವರ್ಷಗಟ್ಟಲೆ ಇದೇ ಆವರಣದಲ್ಲಿತ್ತು. ಜಾಗ ಸಾಲದೇ 2024ರಲ್ಲಿ ವಿಮಾನ ನಿಲ್ದಾಣದ ಕಡೆಗೆ, ದೇವನಹಳ್ಳಿ ಹತ್ತಿರದ ಹೊಸ ಕೇಂದ್ರಕ್ಕೆ ಹೋಯ್ತು. ಗಮನಿಸಿ, ಅಕಾಡೆಮಿಗೆ ಜಾಗ ಸಾಲದು ಅಂತ ಹೊರಗೆ ಕಟ್ಟಿದರು. ಪ್ರೇಕ್ಷಕರ ವಿಷಯದಲ್ಲಿ ಆ ಮಾತು ಬರೋಕೆ 2025ರ ಜೂನ್ ಬೇಕಾಯ್ತು.

ಗೇಟಿನ ಹೊರಗೆ

ಸುರಕ್ಷತೆಯ ಪ್ರಶ್ನೆ ಇಲ್ಲಿ ಎದ್ದಿದ್ದು ಅದೇ ಮೊದಲಲ್ಲ. 2010ರ ಏಪ್ರಿಲ್ 17ರಂದು ಆರ್‌ಸಿಬಿ–ಮುಂಬೈ ಪಂದ್ಯಕ್ಕೆ ಮುಂಚೆ ಸ್ಟೇಡಿಯಂ ಗೋಡೆ ಬಳಿ ಬಾಂಬ್ ಸ್ಫೋಟ ಆಗಿತ್ತು. ಹಲವರಿಗೆ ಗಾಯ. ಆಮೇಲೆ ತಪಾಸಣೆ, ಕ್ಯಾಮೆರಾ, ಬ್ಯಾರಿಕೇಡ್ ಎಲ್ಲ ಹೆಚ್ಚಾಯ್ತು. ಅಂದ್ರೆ ಕೆಟ್ಟವರು ಒಳಗೆ ಬರದ ಹಾಗೆ ತಡೆಯೋ ವ್ಯವಸ್ಥೆ ಬಲವಾಯ್ತು. ಒಳ್ಳೆಯವರು, ಅಂದ್ರೆ ನಾವು ನೀವು, ಒಟ್ಟಿಗೆ ಬಂದಾಗ ಏನಾಗುತ್ತೆ ಅನ್ನೋ ಪ್ರಶ್ನೆ ಹಾಗೇ ಉಳೀತು.

2025ರ ಜೂನ್ 4ರಂದು ಆಗಿದ್ದು ಇದೇ. ಒಳಗೆ ಆಸನ ಸುಮಾರು 35 ಸಾವಿರ. ಸುತ್ತ ಸೇರಿದ್ದವರು ಎರಡು ಲಕ್ಷಕ್ಕೂ ಮೀರಿ ಅಂತ ಸರ್ಕಾರವೇ ಹೇಳಿತು. ಗೇಟುಗಳು ಕಿರಿದು. ಸತ್ತವರಲ್ಲಿ ಹೆಚ್ಚಿನವರು ಈ ಪಾಡ್‌ಕಾಸ್ಟ್ ಕೇಳೋ ವಯಸ್ಸಿನವರೇ.

ಸರ್ಕಾರ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗ ನೇಮಿಸಿತು. ಸ್ಟೇಡಿಯಂನ ವಿನ್ಯಾಸವೇ ಭಾರಿ ಜನ ಸೇರೋ ಕಾರ್ಯಕ್ರಮಗಳಿಗೆ ತಕ್ಕದ್ದಲ್ಲ, ಸುರಕ್ಷಿತವೂ ಅಲ್ಲ ಅಂತ ಆಯೋಗ ಹೇಳಿತು. ಗೇಟುಗಳು ನೇರವಾಗಿ ಫುಟ್‌ಪಾತ್‌ಗೆ, ರಸ್ತೆಗೆ ತೆರೆದುಕೊಳ್ಳುತ್ತವೆ. ಸಾಲು ನಿಲ್ಲೋಕೆ ಒಳಗೆ ಜಾಗ ಇಲ್ಲ. ತುರ್ತು ನಿರ್ಗಮನ, ಪಾರ್ಕಿಂಗ್ ಸಾಲದು. ದೊಡ್ಡ ಕಾರ್ಯಕ್ರಮಗಳನ್ನ ಬೇರೆ ಕಡೆ ಮಾಡಿ ಅನ್ನೋದು ಅದರ ಸಲಹೆ.

ಇದನ್ನ ಲೆಕ್ಕದಲ್ಲಿ ನೋಡೋಣ. ಬ್ರಿಟನ್‌ನಲ್ಲಿ 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಫುಟ್‌ಬಾಲ್ ಮೈದಾನದ ಮೆಟ್ಟಿಲಲ್ಲಿ ನೂಕುನುಗ್ಗಲಾಗಿ 66 ಜನ ಸತ್ತರು. ಅದಾದ ಮೇಲೆ ಅಲ್ಲಿ ಕ್ರೀಡಾಂಗಣ ಸುರಕ್ಷತೆಗೆ ಒಂದು ಮಾರ್ಗಸೂಚಿ ಬಂತು. ಅದರ ಪ್ರಕಾರ, ಪಂದ್ಯ ಮುಗಿದ ಮೇಲೆ ಪ್ರೇಕ್ಷಕರು 8 ನಿಮಿಷದೊಳಗೆ ಸರಾಗವಾಗಿ ಹೊರಹೋಗೋ ಹಾಗಿರಬೇಕು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲದಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ ಸಾಗಬಹುದು ಅಂತ ಲೆಕ್ಕ. ಈಗ ನೀವೇ ಫೋನ್ ತೆಗೆದು ಭಾಗಾಕಾರ ಮಾಡಿ. 35 ಸಾವಿರ ಜನ, 8 ನಿಮಿಷ, ಅಂದ್ರೆ ನಿಮಿಷಕ್ಕೆ 4,375 ಜನ. ಅದನ್ನ 82ರಿಂದ ಭಾಗಿಸಿದ್ರೆ ಸುಮಾರು 53. ಅಂದ್ರೆ ಎಲ್ಲ ದಾರಿ ಸೇರಿ ಕನಿಷ್ಠ 53 ಮೀಟರ್ ಅಗಲ ಬೇಕು. ಅದೂ ಗೇಟಿನ ಆಚೆ ಜನ ನಿಲ್ಲದೆ ಮುಂದೆ ಸಾಗೋ ಜಾಗ ಇದ್ರೆ ಮಾತ್ರ. ಗೇಟು ದಾಟಿದ ತಕ್ಷಣ ಫುಟ್‌ಪಾತ್, ಬೈಕು, ಬಸ್ಸು ಸಿಕ್ಕಿದ್ರೆ ಎಷ್ಟು ಅಗಲದ ಗೇಟಿದ್ರೂ ಅಷ್ಟೇ. ಕೊಳವೆ ದೊಡ್ಡದಿದ್ದು ಚರಂಡಿ ಕಟ್ಟಿದ್ರೆ ನೀರು ನಿಲ್ಲಲ್ವಾ, ಹಾಗೆ.

'ಕಾಲ್ತುಳಿತ' ಅನ್ನೋ ಪದ

ಇಂಥ ಘಟನೆಗೆ ನಾವೆಲ್ಲ ಕಾಲ್ತುಳಿತ ಅಂತೀವಿ. ಆ ಪದ ಸ್ವಲ್ಪ ದಾರಿ ತಪ್ಪಿಸುತ್ತೆ. ಜನ ಹುಚ್ಚೆದ್ದು ಓಡಿ ಒಬ್ಬರನ್ನೊಬ್ಬರು ತುಳಿದರು ಅನ್ನೋ ಚಿತ್ರ ಕಣ್ಮುಂದೆ ಬರುತ್ತೆ, ತಪ್ಪು ಜನರದ್ದೇ ಅನ್ನಿಸುತ್ತೆ. ಜಗತ್ತಿನಾದ್ಯಂತ ಇಂಥ ದುರಂತಗಳಲ್ಲಿ ಹೆಚ್ಚಿನ ಸಾವು ಆಗೋದು ಉಸಿರುಗಟ್ಟಿ, ಎಷ್ಟೋ ಸಲ ನಿಂತಲ್ಲೇ. ಒಂದು ಚದರ ಮೀಟರ್‌ನಲ್ಲಿ ಐದಾರು ಜನಕ್ಕಿಂತ ಹೆಚ್ಚಾದ್ರೆ ನಮ್ಮ ಕಾಲು ನಮ್ಮ ಮಾತು ಕೇಳಲ್ಲ. ಗುಂಪು ನೀರಿನ ಹಾಗೆ ಅಲೆ ಅಲೆಯಾಗಿ ಚಲಿಸುತ್ತೆ. ಎದೆ ಹಿಗ್ಗೋಕೆ ಜಾಗ ಇರಲ್ಲ. ಹಿಂದಿರೋರಿಗೆ ಮುಂದೆ ಏನಾಗ್ತಿದೆ ಅಂತ ಗೊತ್ತೇ ಇರಲ್ಲ, ಅವರು ಸುಮ್ಮನೆ ಒಂದು ಹೆಜ್ಜೆ ಮುಂದೆ ಇಡ್ತಾರೆ ಅಷ್ಟೇ.

ಅದಕ್ಕೇ ಇದು ವಿನ್ಯಾಸದ, ಯೋಜನೆಯ ಪ್ರಶ್ನೆ. ಆದ್ರೂ ನಿಮ್ಮ ಕೈಲಾಗೋದು ಕೆಲವಿದೆ. ಎರಡೂ ಕಡೆಯವರು ಮೈಗೆ ತಾಗ್ತಿದ್ದಾರೆ ಅಂದ್ರೆ ಅದೇ ಎಚ್ಚರಿಕೆ, ಇನ್ನೂ ಸರಿಯೋಕೆ ಆಗುವಾಗಲೇ ಪಕ್ಕಕ್ಕೆ ಬಂದುಬಿಡಿ. ಸಿಕ್ಕಿಕೊಂಡ್ರೆ ಬಾಕ್ಸರ್ ಥರ ಎರಡೂ ಕೈಯನ್ನ ಎದೆ ಮುಂದೆ ಇಟ್ಕೊಳ್ಳಿ, ಉಸಿರಾಡೋಕೆ ಜಾಗ ಉಳಿಯುತ್ತೆ. ಅಲೆಯ ವಿರುದ್ಧ ತಳ್ಳಬೇಡಿ. ಅದು ಸಡಿಲವಾದಾಗ ಓರೆಯಾಗಿ ಅಂಚಿನ ಕಡೆ ಸಾಗಿ. ಗೋಡೆ, ಗೇಟು, ಬ್ಯಾರಿಕೇಡ್‌ನಿಂದ ದೂರ ಇರಿ. ಫೋನ್ ಬಿದ್ರೆ ಬಗ್ಗಬೇಡಿ. ಫೋನ್ ಇನ್ನೊಂದು ಬರುತ್ತೆ.

ಮುಂದೇನು?

ದುರಂತದ ನಂತರ ಸ್ಟೇಡಿಯಂ ಒಂದೊಂದೇ ಪಂದ್ಯ ಕಳೆದುಕೊಂಡಿತು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯ್ತು. 2025ರ ಮಹಿಳಾ ವಿಶ್ವಕಪ್‌ನ ಪಂದ್ಯಗಳು ನವಿ ಮುಂಬೈಗೆ ಹೋದವು, ಭಾರತದ ಹೆಣ್ಣುಮಕ್ಕಳು ಕಪ್ ಎತ್ತಿದ್ದೂ ಅಲ್ಲೇ. ಇತ್ತ ಬೊಮ್ಮಸಂದ್ರದ ಬಳಿ ಸೂರ್ಯನಗರದಲ್ಲಿ 80 ಸಾವಿರ ಆಸನದ ಹೊಸ ಕ್ರೀಡಾಂಗಣದ ಪ್ರಸ್ತಾಪಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿತು. 2025ರ ಡಿಸೆಂಬರ್‌ನಲ್ಲಿ ಕೆಎಸ್‌ಸಿಎ ಚುನಾವಣೆ ನಡೆದು, ಅಧ್ಯಕ್ಷರಾಗಿ ಗೆದ್ದವರು ವೆಂಕಟೇಶ್ ಪ್ರಸಾದ್. 1996ರಲ್ಲಿ ಸೊಹೈಲ್ ಸ್ಟಂಪ್ ಹಾರಿಸಿದ ಅದೇ ಪ್ರಸಾದ್. ಅದೇ ತಿಂಗಳು ಸಚಿವ ಸಂಪುಟ ಷರತ್ತುಗಳ ಮೇಲೆ ಇಲ್ಲಿ ಪಂದ್ಯ ನಡೆಸಲು ಒಪ್ಪಿತು.

ಕೆಲವರು ಸ್ಟೇಡಿಯಂ ಊರಿನ ನಡುವೆ ಇರೋದೇ ತಪ್ಪು ಅಂತಾರೆ. ನನಗೆ ಹಾಗನ್ನಿಸಲ್ಲ. ಕಬ್ಬನ್ ಪಾರ್ಕ್, ಎಂ.ಜಿ. ರಸ್ತೆ ಎರಡೂ ಮೆಟ್ರೋ ನಿಲ್ದಾಣಗಳಿಂದ ನಡೆದೇ ಹೋಗಬಹುದಾದ ಸ್ಟೇಡಿಯಂ ಇದು. ಕಾರಿಲ್ಲದ ಹುಡುಗ ಹುಡುಗಿಯರು ಮೆಟ್ರೋ ಟಿಕೆಟ್ ತಗೊಂಡು ಅಂತಾರಾಷ್ಟ್ರೀಯ ಪಂದ್ಯ ನೋಡಿ ಮನೆಗೆ ಹೋಗಬಹುದು. ಆ ಅನುಕೂಲ ಕಳ್ಕೊಳ್ಳೋಕೆ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಹುಲ್ಲಿನ ಮೇಲಿನ ನೀರಿಗೆ ದಾರಿ ಮಾಡೋಕೆ ಮೈದಾನವನ್ನೇ ಅಗೆದವರು ನಾವು. ಅಷ್ಟೇ ಹಠದಿಂದ ಗೇಟು ಅಗಲ ಮಾಡೋಕೆ, ಸಾಲಿಗೆ ಜಾಗ ಬಿಡೋಕೆ, ಬೇಕಾದ್ರೆ ಆಸನಗಳನ್ನೇ ಕಡಿಮೆ ಮಾಡೋಕೆ ಆಗಲ್ವಾ?

ಮುಂದಿನ ಸಲ ಅಲ್ಲಿಗೆ ಹೋದಾಗ ನಿಮ್ಮ ಸೀಟು ಹುಡುಕೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಸ್ಟ್ಯಾಂಡ್‌ಗೆ ಹತ್ತಿರದ ಹೊರದಾರಿ ಯಾವುದು, ಅದು ಯಾವ ರಸ್ತೆಗೆ ತೆರೆದುಕೊಳ್ಳುತ್ತೆ ಅಂತ ನೋಡ್ಕೊಳ್ಳಿ. ಆಮೇಲೆ ಆರಾಮಾಗಿ ಕೂತು ಸಿಕ್ಸರ್ ಎಣಿಸಿ.

ಇವತ್ತಿಗೆ ಇಷ್ಟು. ಮ್ಯಾಚ್‌ಗೆ ಹೋಗೋ ಫ್ರೆಂಡ್ಸ್ ಇದ್ರೆ ಈ ಸಂಚಿಕೆ ಕಳಿಸಿ.